ಕೊನೆ ಹೇಳುವಂತಿಲ್ಲ

ನಮ್ಮ ಭಾನುವಾರದ ಗುಂಪಿನಲ್ಲಿ ಯಾರೂ ಯಾರನ್ನೂ "ಚೆನ್ನಾಗಿದ್ದೀರಾ?" ಎಂದು ಕೇಳುವುದಿಲ್ಲ. "ಎಲ್ಲಿದ್ದೀರಿ?" ಎಂದು ಕೇಳುತ್ತೇವೆ. ಕೈಯಲ್ಲಿರುವ ಪುಸ್ತಕದ ಎಷ್ಟನೇ ಪುಟದಲ್ಲಿದ್ದೀರಿ ಎಂದು ಅದರ ಅರ್ಥ. ಜಯನಗರದ ಪಾರ್ಕೊಂದರ ಹೊಂಗೆ ಮರದ ಕೆಳಗೆ, ವಾಕಿಂಗಿನವರು ಚದುರುವ ಹೊತ್ತಿಗೆ ಎರಡು ಚಾಪೆ ಹಾಸುತ್ತೇವೆ. ಒಬ್ಬೊಬ್ಬರಾಗಿ ನಾವು ಓದುತ್ತಿರುವುದನ್ನು ಹೇಳುತ್ತೇವೆ, ಜಗಳವಾಡುತ್ತೇವೆ, ಆಮೇಲೆ ಮೂಲೆಯ ದರ್ಶಿನಿಯಲ್ಲಿ ನಿಂತುಕೊಂಡೇ ಕಾಫಿ ಕುಡಿದು ಮನೆಗೆ ಹೋಗುತ್ತೇವೆ.

ಈ ಗುಂಪಿಗೆ ಕಟ್ಟುಪಾಡು ಮಾಡಿದವಳು ನಾನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿಯಮವಿಲ್ಲದ ಕಡೆ ನನಗೆ ಕೂರಲಿಕ್ಕೇ ಆಗುವುದಿಲ್ಲ. ಓದಿ ಮುಗಿಸಿದ ಪುಸ್ತಕದ ಮಾತು ಇಲ್ಲಿಲ್ಲ, ಓದುತ್ತಿರುವುದರ ಮಾತು ಮಾತ್ರ. ಮುಗಿಸಿದವರು ತೀರ್ಪು ಕೊಡಲು ಶುರು ಮಾಡುತ್ತಾರೆ. ಅರ್ಧದಲ್ಲಿರುವವರಿಗೆ ಇನ್ನೂ ಅನುಮಾನ, ಆಸೆ, ಸಿಟ್ಟು ಎಲ್ಲ ಇರುತ್ತದೆ. ಯಾವ ಪುಸ್ತಕದ ಕೊನೆಯನ್ನೂ ಯಾರೂ ಹೇಳುವಂತಿಲ್ಲ. ಮತ್ತು, ಇದು ಎಲ್ಲಕ್ಕಿಂತ ಖಡಾಖಂಡಿತ, ಓದುತ್ತಿರುವ ಪುಸ್ತಕ ಇಲ್ಲದವರಿಗೆ ಚಾಪೆಯ ಮೇಲೆ ಜಾಗವಿಲ್ಲ. ಸುಮ್ಮನೆ ಕೇಳಲು ಬಂದವರನ್ನೆಲ್ಲ ಕೂರಿಸಿಕೊಂಡರೆ ಗುಂಪು ಹರಟೆಕಟ್ಟೆಯಾಗುತ್ತದೆ ಎಂಬುದು ನನ್ನ ವಾದ. ನಿವೃತ್ತ ಅಧಿಕಾರಿಯೊಬ್ಬರು ವಾರವಾರವೂ ಬರಿಗೈಯಲ್ಲಿ ಬರುತ್ತಿದ್ದರು. "ಪುಸ್ತಕ ತಗೊಂಡು ಬನ್ನಿ ಸಾರ್, ಜಾಗ ಎಲ್ಲೂ ಓಡಿ ಹೋಗಲ್ಲ" ಎಂದೆ. ಅವರು ಮುಖ ಊದಿಸಿಕೊಂಡು ಪಕ್ಕದ ನಗೆಕೂಟ ಸೇರಿದರು. ಈಗಲೂ ನಮ್ಮ ಕಡೆ ನೋಡಿಕೊಂಡೇ ಜೋರಾಗಿ ನಗುತ್ತಾರೆ.

ಹೋಗಿ ಬರುವವರು ಹಲವರಿದ್ದರೂ ತಪ್ಪದೆ ಬರುವವರು ನಾವು ನಾಲ್ವರು. ಒಬ್ಬಳು ಜೆ.ಪಿ. ನಗರದ ನನ್ನ ಗೆಳತಿ, ಕಾಲೇಜಿನಿಂದ ಜೊತೆಗಿರುವವಳು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇನ್ನೊಬ್ಬರು ಪುಟ್ಟೇನಹಳ್ಳಿಯ ಯಜಮಾನರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳಿವೆ. ಬಾಡಿಗೆಗಿದ್ದವರು ಮನೆ ಖಾಲಿ ಮಾಡುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಕಾದಂಬರಿಗಳನ್ನು ಬಿಟ್ಟುಹೋದರಂತೆ. ಅರವತ್ತು ದಾಟಿದ ಮೇಲೆ ಅವರು ಓದು ಹಚ್ಚಿಕೊಂಡದ್ದು ಹಾಗೆ. ಮೂರನೆಯವಳು ಬಿಟಿಎಂ ಲೇಔಟಿನ ಹುಡುಗಿ, ಬೊಮ್ಮನಹಳ್ಳಿಯ ಗಾರ್ಮೆಂಟ್ ಕಂಪನಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಾಳೆ. ಅಂಗಿಯ ಹೊಲಿಗೆಯಲ್ಲಿ ತಪ್ಪು ಹುಡುಕಿದ ಹಾಗೆಯೇ ಕಥೆಯಲ್ಲೂ ಹುಡುಕುತ್ತಾಳೆ.

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಈ ಗುಂಪಿಗೆ ಸೇರಿದವರಲ್ಲ. ಅವರು ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಪೇಪರ್ ಬಿಟ್ಟರೆ ಬೇರೇನೂ ಓದುವುದಿಲ್ಲ. "ಯಾರೋ ಕೂತ್ಕೊಂಡು ಸುಳ್ಳು ಬರೀತಾರೆ, ನೀನು ಕೂತ್ಕೊಂಡು ಅಳ್ತೀಯ" ಎನ್ನುವುದು ಕಾದಂಬರಿಗಳ ಬಗ್ಗೆ ಅವರ ಒಟ್ಟಾರೆ ಅಭಿಪ್ರಾಯ.

ಆ ವರ್ಷ ನಾನು ಒಂದು ದಪ್ಪ ಕಾದಂಬರಿ ಹಿಡಿದಿದ್ದೆ. ಹೊಳೆ ದಾಟಿಸುವ ದೋಣಿಯೊಂದನ್ನು ನಡೆಸುವ ಹೆಂಗಸಿನ ಕಥೆ. ಅವಳ ತಂಗಿ ಜಗಳವಾಡಿ, ಅಕ್ಕನದೇ ದೋಣಿಯಲ್ಲಿ ಆಚೆ ದಡಕ್ಕೆ ಹೋದವಳು ತಿರುಗಿ ಬಂದಿಲ್ಲ. ಈಗ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ. ಸೇತುವೆ ಬಂದರೆ ದೋಣಿಗೆ ಕೆಲಸವಿಲ್ಲ. ಆದರೂ ಆ ಹೆಂಗಸು ದಿನಾ ಸಂಜೆ ಕೆಲಸ ಎಷ್ಟು ಮುಂದುವರಿಯಿತು ಎಂದು ನೋಡಿ ಬರುತ್ತಾಳೆ. ಹೊಟ್ಟೆಪಾಡು ಹೋಗುತ್ತದೆಂಬ ಭಯ ಒಂದು ಕಡೆ, ದೋಣಿ ಹತ್ತಲು ಸ್ವಾಭಿಮಾನ ಬಿಡದ ತಂಗಿ ಸೇತುವೆಯ ಮೇಲಾದರೂ ನಡೆದು ಬರಬಹುದೆಂಬ ಆಸೆ ಇನ್ನೊಂದು ಕಡೆ. ಭಾನುವಾರಗಳಲ್ಲಿ ನಾನು ಇದನ್ನು ಹೇಳಿ ಹೇಳಿ ಎಲ್ಲರ ಹೊಟ್ಟೆ ಉರಿಸಿದ್ದೆ. ಪುಸ್ತಕದ ಅರ್ಧಕ್ಕೆ ಬಂದಿದ್ದೆ.

ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಓದುತ್ತಿದ್ದಾಗ ಪುಟದ ಮೂಲೆ ಕಪ್ಪಾಯಿತು. ಕನ್ನಡಕಕ್ಕೆ ಏನೋ ಮೆತ್ತಿದೆ ಎಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. "ರೀ, ಕನ್ನಡಕಾನ ಮತ್ತೆ ಪಾತ್ರೆ ಸೋಪಲ್ಲಿ ತೊಳೆದ್ರಾ?" ಎಂದು ಒಳಗಿದ್ದ ನಮ್ಮ ಮನೆಯವರ ಮೇಲೆ ರೇಗಿದೆ. ಅವರು ಪಾಪ ಅದನ್ನು ಮುಟ್ಟಿಯೇ ಇರಲಿಲ್ಲ. ಸಂಜೆಯ ಹೊತ್ತಿಗೆ ಆ ಕಪ್ಪು ಪರದೆ ಇಳಿದ ಹಾಗೆ ಅರ್ಧ ಕಣ್ಣಿಗೆ ಬಂದಿತ್ತು.

ಬಲಗಣ್ಣಿನ ಒಳಪರದೆ ಕಿತ್ತು ಬಂದಿದೆ ಎಂದರು ಡಾಕ್ಟರು. ನನ್ನ ಎಡಗಣ್ಣು ಹುಟ್ಟಿನಿಂದಲೇ ಮಂದ. ಅದಕ್ಕೆ ಮನುಷ್ಯರು ಕಾಣುತ್ತಾರೆ, ಅಕ್ಷರ ಕಾಣುವುದಿಲ್ಲ. ಇಷ್ಟು ವರ್ಷ ಓದಿದ್ದೆಲ್ಲ ಬಲಗಣ್ಣಿನ ಪುಣ್ಯ. ಮಾರನೆಯ ದಿನವೇ ಆಪರೇಷನ್ ಆಯಿತು. ಕಣ್ಣಿನೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಟ್ಟಿದ್ದರು. ಅದು ಮೇಲಕ್ಕೆ ತೇಲಿ, ಕಿತ್ತ ಪರದೆಯನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಬೇಕು. ಪರದೆ ಇರುವುದು ಕಣ್ಣಿನ ಹಿಂಭಾಗದಲ್ಲಿ. ಹಿಂಭಾಗ ಮೇಲಾಗಬೇಕಾದರೆ ಮುಖ ಕೆಳಗಾಗಬೇಕು. ಹಾಗಾಗಿ ಮಲಗಿದರೂ ಕೂತರೂ ನೆಲವನ್ನೇ ನೋಡಿಕೊಂಡಿರಬೇಕು ಎಂದು ಅಪ್ಪಣೆಯಾಯಿತು.

"ಓದೋಕಾಗುತ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಎಷ್ಟು ವಾಪಸ್ ಬರುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ ಮೇಡಂ. ಬರಬಹುದು, ಕಾಯೋಣ" ಎಂದರು.

ಗಣಿತದವಳಿಗೆ "ಬರಬಹುದು" ಎಂದರೆ ಉತ್ತರವಲ್ಲ. ಮನೆಗೆ ಬಂದು ಮೇಜಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆ ಕೊಟ್ಟು ಕೂತೆ. ಹಳೆಯ ಮನೆಯ ಮೊಸಾಯಿಕ್ ನೆಲ, ಅದೂ ಎಡಗಣ್ಣಿಗೆ ಕಂಡಷ್ಟು, ಮಸುಕು ಮಸುಕಾಗಿ. ಓದಲಾರದ ನಾನು ಯಾರು ಎಂಬ ಪ್ರಶ್ನೆ ಬಂತು. ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟು. ನಮ್ಮ ಮನೆಯವರನ್ನು ಕರೆದು, ಬೀರುವಿನಲ್ಲಿರುವ ಪುಸ್ತಕಗಳನ್ನೆಲ್ಲ ಯಾವುದಾದರೂ ಲೈಬ್ರರಿಗೆ ಕೊಟ್ಟುಬಿಡಿ ಎಂದೆ. ಗುಂಪಿಗೂ ಅವರ ಕೈಯಲ್ಲೇ ಮೆಸೇಜ್ ಹಾಕಿಸಿದೆ: ನನ್ನ ಬಳಿ ಇನ್ನು ಓದುತ್ತಿರುವ ಪುಸ್ತಕವಿಲ್ಲ, ನಿಯಮ ಎಲ್ಲರಿಗೂ ಒಂದೇ, ನನ್ನ ಜಾಗ ಬೇರೆಯವರಿಗೆ ಕೊಡಿ. ಅವರು ಮೆಸೇಜ್ ಕಳಿಸಿದರು. ಪುಸ್ತಕಗಳನ್ನು ಮಾತ್ರ ಮುಟ್ಟಲಿಲ್ಲ.

ಸಂಜೆ ಗೆಳತಿ ಬಂದಳು. ನಾನು ತಲೆ ಎತ್ತುವ ಹಾಗಿಲ್ಲ. ಅವಳು ಮಂಡಿನೋವಿನವಳು, ಪಾರ್ಕಿನಲ್ಲೂ ಚಾಪೆಯ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು ಕೂರುವವಳು. ಅಂಥವಳು "ಅಯ್ಯಪ್ಪಾ" ಎನ್ನುತ್ತ ನೆಲದ ಮೇಲೆ ಕೂತು, ಮೇಜಿನ ಕೆಳಗೆ ತಲೆ ತೂರಿಸಿ, ಕೆಳಗಿನಿಂದ ನನ್ನ ಮುಖ ನೋಡಿದಳು.

"ಎಲ್ಲಿದ್ದೀಯ?" ಎಂದಳು.

"ಕಾಣಿಸ್ತಿಲ್ವಾ? ಮೇಜಿನ ಮೇಲೆ."

"ಪುಸ್ತಕದಲ್ಲಿ ಕಣೇ. ದೋಣಿಯವಳು ಏನ್ಮಾಡ್ತಿದ್ಳು?"

"ಸತ್ತೋದ್ಳು" ಎಂದೆ.

ಅವಳು ನಕ್ಕಳು. "ಅರ್ಧ ಪುಸ್ತಕಕ್ಕೇ ಹೆಂಗೆ ಸಾಯ್ತಾಳೆ? ಪುಸ್ತಕ ಎಲ್ಲಿಟ್ಟಿದ್ದೀಯ ಹೇಳು." ನಮ್ಮ ಮನೆಯವರು ತಂದುಕೊಟ್ಟರು. ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಅದರೊಳಗೇ ಇತ್ತು. ಗೆಳತಿ ಮೇಜಿನ ಕಾಲು ಹಿಡಿದುಕೊಂಡು ಕಷ್ಟಪಟ್ಟು ಎದ್ದು, ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು.

ಮಾರನೆಯ ದಿನ ಬೆಳಿಗ್ಗೆ ನನ್ನ ಫೋನಿಗೆ ಅವಳ ವಾಯ್ಸ್ ಮೆಸೇಜ್ ಬಂತು. ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದಲೇ ಓದಿದ್ದಳು, ರೇಡಿಯೋ ವಾರ್ತೆಯ ಹಾಗೆ, ಒಂದು ಅಕ್ಷರ ಜಾರದಂತೆ. ಬೇಡವೆಂದು ಆರಿಸಲು ಹೋದೆ. ಕಣ್ಣು ಕಾಣದೆ ಗುಂಡಿ ಸಿಗಲಿಲ್ಲ. ಗುಂಡಿ ಸಿಗುವ ಹೊತ್ತಿಗೆ ಹೊಳೆಯಲ್ಲಿ ಮೊದಲನೆಯ ಕಂಬ ಎದ್ದಿತ್ತು. ಆಮೇಲೆ ಆರಿಸುವುದು ಹೇಗೆ?

ಪುಸ್ತಕ ಕೈಯಿಂದ ಕೈಗೆ ಹೋಯಿತು. ಪುಟ್ಟೇನಹಳ್ಳಿಯ ಯಜಮಾನರು ಕೆರೆಯ ಸುತ್ತ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತು ಓದಿ ಕಳಿಸುತ್ತಿದ್ದರು. ಹಿಂದೆ ನೀರುಕೋಳಿಗಳ ಕೂಗು. ನಾಲ್ಕು ಸಾಲಿಗೊಮ್ಮೆ ಪುಸ್ತಕ ಬಿಟ್ಟು ತಮ್ಮ ಮಾತು. "ನೋಡಿ ಮೇಡಮ್ಮೋರೆ, ಈ ಕಂಟ್ರಾಕ್ಟ್ರು ಸಾಚಾ ಅಲ್ಲ. ನಮ್ ಹೊಲ್ದಾಗೆ ರೋಡ್ ಮಾಡ್ದಾಗ್ಲೂ ಇಂಗೇ ಸಿಹಿ ಸಿಹಿಯಾಗಿ ಮಾತಾಡ್ತಿದ್ರು." ಆಮೇಲೆ ಎಲ್ಲಿ ಬಿಟ್ಟಿದ್ದೆ ಎಂದು ಮರೆತು, ಓದಿದ್ದನ್ನೇ ಮತ್ತೆ ಓದುತ್ತಿದ್ದರು. ಹುಡುಗಿ ಮೆಟ್ರೋದಲ್ಲಿ ನಿಂತುಕೊಂಡೇ ಓದಿ ಕಳಿಸುತ್ತಿದ್ದಳು. ದೋಣಿಯವಳು ತಂಗಿಯನ್ನು ನೆನೆದು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ, ಬಾಗಿಲಿನಿಂದ ದೂರ ನಿಲ್ಲಿ ಎಂದು ರೈಲು ಹೇಳುತ್ತಿತ್ತು. "ಸಾರಿ ಆಂಟಿ, ಇಳೀಬೇಕು, ಮಿಕ್ಕಿದ್ದು ಲಂಚಲ್ಲಿ!"

ಗುಂಪಿನಲ್ಲಿ ಇದರ ಮೇಲೂ ಜಗಳ. ಹುಡುಗಿ ವರ್ಣನೆಗಳನ್ನು ಹಾರಿಸುತ್ತಾಳೆ ಎಂದು ಗೆಳತಿಯ ದೂರು. ಯಜಮಾನರು ಇಲ್ಲದ ಮಾತುಗಳನ್ನು ಸೇರಿಸುತ್ತಾರೆ ಎಂದು ಹುಡುಗಿಯ ದೂರು. ನಾನು ದಿಂಬಿಗೆ ಹಣೆ ಒತ್ತಿಕೊಂಡು ನಗುತ್ತಿದ್ದೆ.

ಫೋನನ್ನು ನನ್ನ ಕಿವಿಯ ಹತ್ತಿರ ಇಡುವುದು ನಮ್ಮ ಮನೆಯವರ ಕೆಲಸ. ಮೊದಮೊದಲು ಇಟ್ಟು ಹೋಗುತ್ತಿದ್ದರು. ಸೇತುವೆಯ ಎರಡನೇ ಕಂಬದ ಹೊತ್ತಿಗೆ ಅಲ್ಲೇ ನಿಂತರು.

"ಆ ಥರ ಅಡಿಪಾಯ ಹಾಕಿದ್ರೆ ಒಂದೇ ಮಳೆಗಾಲಕ್ಕೆ ಕೊಚ್ಕೊಂಡು ಹೋಗುತ್ತೆ" ಎಂದರು.

"ಸುಳ್ಳು ಕಥೆ ತಾನೇ? ಬಿಡಿ."

"ಸುಳ್ಳಾದ್ರೂ ಸರಿಯಾಗಿ ಬರೀಬೇಕು."

ಆಮೇಲೆ ಕುರ್ಚಿ ಎಳೆದುಕೊಂಡು ಕೂರಲಾರಂಭಿಸಿದರು. ಮೆಸೇಜ್ ಬಂದ ಸದ್ದಿಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸದ್ದು ನಿಲ್ಲುತ್ತಿತ್ತು. ಕಣ್ಣಿಗೆ ಡ್ರಾಪ್ಸ್ ಹಾಕುವಾಗ, "ಆ ತಂಗಿ ಮೊದಲು ಯಾಕೆ ಜಗಳ ಆಡಿದ್ದು?" ಎಂದು ತಾವು ಕೇಳದ ಮೊದಲರ್ಧದ ಕಥೆಯನ್ನು ಕೇಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವು ಒಂದು ಪುಸ್ತಕದ ಬಗ್ಗೆ ಮಾತಾಡಿದ್ದು ಅದೇ ಮೊದಲು. ನನಗೆ ಖುಷಿಯಾಗಿತ್ತು, ತೋರಿಸಿಕೊಳ್ಳಲಿಲ್ಲ.

ಹೀಗೆ ಕಥೆ ಕೊನೆಗೆ ಬಂತು. ಸೇತುವೆ ಮುಗಿಯಿತು. ಕೊನೆಯ ಅಧ್ಯಾಯಕ್ಕೆ ಮುಂಚಿನ ಅಧ್ಯಾಯವನ್ನು ಗೆಳತಿ ಓದಿದ್ದಳು. ಮಳೆ ಹನಿಯುತ್ತಿದೆ, ದೋಣಿಯವಳು ದಡದಲ್ಲಿ ನಿಂತಿದ್ದಾಳೆ, ಆಚೆ ಕಡೆಯಿಂದ ಯಾರೋ ಒಬ್ಬರು ಕೊಡೆ ಹಿಡಿದು ಸೇತುವೆಯ ಮೇಲೆ ನಡೆದು ಬರುತ್ತಿದ್ದಾರೆ. ಕೊಡೆಯ ಕೆಳಗಿನ ಮುಖ ಕಾಣುತ್ತಿಲ್ಲ. ಅಲ್ಲಿಗೆ ಮೆಸೇಜ್ ನಿಂತಿತು.

"ತಂಗೀನೇ" ಎಂದರು ನಮ್ಮ ಮನೆಯವರು.

ಮಾರನೆಯ ದಿನ ಏನೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹುಡುಗಿಗೆ ಫೋನ್ ಮಾಡಿಸಿದರೆ ಪುಸ್ತಕ ಯಜಮಾನರ ಹತ್ತಿರ ಇದೆ ಎಂದಳು. ಯಜಮಾನರು, ಜೆ.ಪಿ. ನಗರದ ಅಮ್ಮೋರ ಹತ್ತಿರ ಕೊಟ್ಟೆ ಎಂದರು. ನಮ್ಮ ಮನೆಯವರು ತಡೆಯಲಾರದೆ ಆಟೋ ಹಿಡಿದು ಜೆ.ಪಿ. ನಗರಕ್ಕೇ ಹೋದರು. ಪುಸ್ತಕ ತರುತ್ತಾರೆಂದು ಕಾದರೆ ಒಂದು ಡಬ್ಬಿ ಕೋಡುಬಳೆ ಹಿಡಿದುಕೊಂಡು ಬಂದರು. "ಕೊಡಲ್ಲ ಅಂದ್ರು" ಎಂದು ಅವಮಾನವಾದವರ ಹಾಗೆ ಕೂತರು.

ನಾನು ಗೆಳತಿಗೆ ಫೋನ್ ಮಾಡಿದೆ. ಗಂಟಲು ಹರಿಯುವ ಹಾಗೆ ಕೂಗಿದೆ.

"ಕೊನೆ ಹೇಳೋ ಹಾಗಿಲ್ಲ. ನಿಂದೇ ರೂಲ್ಸು" ಎಂದಳು ಅವಳು.

"ಅದು ಕಣ್ಣಿರೋರಿಗೆ ಮಾಡಿದ ರೂಲ್ಸು. ನಾನು ಹೆಂಗೆ ಓದ್ಲಿ?"

"ಗುಳ್ಳೆ ಕರಗಲಿ. ಓದುವೆಯಂತೆ."

"ಕರಗಿದ ಮೇಲೂ ಕಣ್ಣು ಬರದೇ ಹೋದ್ರೆ?"

ಅವಳ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು.

"ಬರದೇ ಹೋದ್ರೆ ಆ ಪುಸ್ತಕ ಹಂಗೇ ಅರ್ಧದಲ್ಲಿರುತ್ತೆ ಕಣೇ. ನಾನೇ ನಿಂಗೆ ಓದಿ ಮುಗಿಸಿಬಿಟ್ರೆ ನಿನ್ನ ಹತ್ರ ಯಾವ ಪುಸ್ತಕಾನೂ ಇರಲ್ಲ. ನೀನು ಎಂಥಾ ಹಟಮಾರಿ ಅಂತ ನಂಗೆ ಗೊತ್ತು, ರೂಲ್ಸ್ ಹಿಡ್ಕೊಂಡು ಮನೇಲೇ ಕೂತ್ಬಿಡ್ತೀಯ. ಈಗ ನೀನು ಓದ್ತಾ ಇರೋಳು. ಭಾನುವಾರ ಬಾ. ನಿನ್ನ ಜಾಗ ಹಂಗೇ ಇದೆ."

ನಾನು ಫೋನ್ ಇಟ್ಟೆ. ಆಪರೇಷನ್ ಆದ ಕಣ್ಣಿನಲ್ಲಿ ಅಳಬಹುದೋ ಬಾರದೋ ಡಾಕ್ಟರನ್ನು ಕೇಳಿರಲಿಲ್ಲ. ಚೆನ್ನಾಗಿ ಅತ್ತೆ.

ಭಾನುವಾರ ಹೋದೆ. ಅಷ್ಟು ಹೊತ್ತಿಗೆ ನೆಲವನ್ನೇ ನೋಡಬೇಕೆಂಬ ಶಿಕ್ಷೆ ಸಡಿಲವಾಗಿತ್ತು. ನಮ್ಮ ಮನೆಯವರು ಕೈ ಹಿಡಿದು ಚಾಪೆಯ ತನಕ ಬಿಟ್ಟು, ತಾವು ದೂರದ ಬೆಂಚಿಗೆ ಹೋಗಿ ಕೂತರು. ಅವರ ಕೈಯಲ್ಲಿ ಪುಸ್ತಕ ಇರಲಿಲ್ಲವಲ್ಲ. ಗೆಳತಿ ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟಳು.

"ಎಲ್ಲಿದ್ದೀರಿ ಮೇಡಮ್ಮೋರೆ?" ಎಂದರು ಯಜಮಾನರು.

"ಕೊನೇ ಅಧ್ಯಾಯದ ಬಾಗಿಲಲ್ಲಿ" ಎಂದೆ.

ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಅದರ ಮುಂದಿನ ವಾರವೂ. ಯಾರೂ ನಗಲಿಲ್ಲ, ಯಾರೂ ಪಾಪ ಎನ್ನಲಿಲ್ಲ. ಕೊಡೆಯ ಕೆಳಗೆ ಯಾರಿರಬಹುದೆಂದು ನಾನು ಹೇಳಿದ ಊಹೆಗಳನ್ನೆಲ್ಲ, ಕೊನೆ ಗೊತ್ತಿದ್ದ ಆ ಮೂವರೂ, ಕಳ್ಳ ಬೆಕ್ಕುಗಳ ಹಾಗೆ ಸುಮ್ಮನೆ ಕೂತು ಕೇಳಿದರು. ಸಭೆ ಮುಗಿದ ಮೇಲೆ ಗೆಳತಿ ಪುಸ್ತಕವನ್ನು ವಾಪಸ್ ತೆಗೆದುಕೊಂಡು ಹೋಗುತ್ತಿದ್ದಳು. ನಮ್ಮ ಮನೆಯವರ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ.

ಗುಳ್ಳೆ ದಿನದಿನಕ್ಕೂ ಚಿಕ್ಕದಾಯಿತು. ಲೋಟದಲ್ಲಿ ನೀರು ಇಳಿದಂತೆ ಒಂದು ಅಡ್ಡಗೆರೆ ಮೇಲಿನಿಂದ ಕೆಳಗೆ ಇಳಿಯುತ್ತ ಬಂತು. ಗೆರೆಯ ಕೆಳಗೆ ಮಂಜು, ಮೇಲೆ ಬೆಳಕು. ಮೊದಲು ಫ್ಯಾನು ಕಂಡಿತು. ಆಮೇಲೆ ಗೋಡೆಯ ಕ್ಯಾಲೆಂಡರ್, ದೊಡ್ಡ ಅಂಕಿಗಳು. ಗಣಿತದವಳಿಗೆ ಮೊದಲು ಅಂಕಿಗಳೇ ಕಂಡವು ಎಂದು ನಮ್ಮ ಮನೆಯವರು ಎಲ್ಲರಿಗೂ ಫೋನ್ ಮಾಡಿ ಹೇಳಿದರು. ಕೊನೆಗೆ ಆ ಗುಳ್ಳೆ ಕಡಲೆಕಾಳಿನಷ್ಟಾಗಿ, ಒಂದು ಬೆಳಿಗ್ಗೆ ಇಲ್ಲವಾಯಿತು. ಪರದೆ ಅಂಟಿಕೊಂಡಿದೆ ಎಂದರು ಡಾಕ್ಟರು. ಹೊಸ ಕನ್ನಡಕ ಬರೆದುಕೊಟ್ಟರು. ಸಾಲುಗಳು ಸ್ವಲ್ಪ ಡೊಂಕಾಗಿ ಕಾಣಬಹುದು, ಬೇಗ ದಣಿವಾಗಬಹುದು, ಆದರೆ ಓದಬಹುದು ಎಂದರು.

ಓದಬಹುದು. ಆ ಒಂದು ಮಾತಿಗೆ ಅವರ ಕಾಲು ಮುಟ್ಟಬೇಕೆನಿಸಿತು. ನನಗಿಂತ ಅರ್ಧ ವಯಸ್ಸಿನವರು, ಮುಜುಗರಪಟ್ಟುಕೊಂಡಾರು ಎಂದು ಬಿಟ್ಟೆ.

ಗೆಳತಿ ಅವತ್ತೇ ಪುಸ್ತಕ ತಂದುಕೊಟ್ಟಳು. ಜೊತೆಗೆ ಇನ್ನೊಂದು ಹೊಸ ಕಾದಂಬರಿಯನ್ನೂ ಇಟ್ಟಿದ್ದಳು, ಇದು ಮುಗಿದ ಮೇಲೆ ಒಂದು ಗಳಿಗೆಯೂ ನನ್ನ ಕೈ ಖಾಲಿ ಇರಬಾರದೆಂದು. ಬಾಲ್ಕನಿಯಲ್ಲಿ ಅದೇ ಕುರ್ಚಿಯಲ್ಲಿ ಕೂತೆ. ಬಸ್ ಟಿಕೆಟ್ ಕೊನೆಯ ಅಧ್ಯಾಯಕ್ಕೆ ಬಂದು ಕೂತಿತ್ತು. ಸಾಲು ನಿಜವಾಗಿಯೂ ಡೊಂಕಾಗಿತ್ತು, ಇಳಿಜಾರಿನಲ್ಲಿ ಹೊರಟ ಹಾಗೆ. ಒಂದೊಂದು ಪದಕ್ಕೂ ಬೆರಳಿಟ್ಟು, ಒಂದನೇ ತರಗತಿಯ ಮಗುವಿನ ಹಾಗೆ ಓದಿದೆ. ಹತ್ತು ಸಾಲಿಗೆ ಕಣ್ಣಲ್ಲಿ ನೀರು ಬಂತು, ಸ್ವಲ್ಪ ಆಯಾಸಕ್ಕೆ, ಹೆಚ್ಚು ಸಂತೋಷಕ್ಕೆ. ಆ ಅಧ್ಯಾಯ ಓದಲು ನನಗೆ ಒಂದು ವಾರವೇ ಬೇಕಾಯಿತು.

ಕೊನೆಯ ಪುಟ ಮುಗಿಸಿ ಪುಸ್ತಕ ಮುಚ್ಚಿದಾಗ ನಮ್ಮ ಮನೆಯವರು ಬಾಗಿಲಲ್ಲೇ ನಿಂತಿದ್ದರು.

"ತಂಗಿ ತಾನೇ?"

"ಹೇಳೋ ಹಾಗಿಲ್ಲ" ಎಂದೆ.

"ಏನೇ ಇದು! ಇಷ್ಟು ದಿನ ಡ್ರಾಪ್ಸ್ ಹಾಕಿದೋನಿಗೆ ಇಷ್ಟೂ ಇಲ್ವಾ?"

"ಇಲ್ಲ. ನೀವೇ ಓದಿ" ಎಂದು ಪುಸ್ತಕವನ್ನು ಅವರ ಕೈಗಿಟ್ಟೆ.

ಕೊನೆಯ ಪುಟ ತೆಗೆದು ನೋಡಲು ಒಂದು ನಿಮಿಷ ಸಾಕಿತ್ತು. ಅವರು ಬಹಳ ಹೊತ್ತು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಪೇಪರ್ ಓದುವ ಕನ್ನಡಕ ಹಾಕಿಕೊಂಡು, ಮೊದಲನೆಯ ಪುಟ ತೆಗೆದರು. ಮೊದಲರ್ಧ ತಾನು ಕೇಳಿಲ್ಲ, ಅಡಿಪಾಯ ನೋಡದೆ ಸೇತುವೆ ದಾಟುವವನು ತಾನಲ್ಲ ಎಂದರು.

ಆ ಭಾನುವಾರ ಅವರು ದೂರದ ಬೆಂಚಿಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಚಾಪೆಯ ಅಂಚಿನಲ್ಲಿ ಕೂತರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಅವರ ಕೈ ನೋಡಿದೆ. ಪುಸ್ತಕ ಇತ್ತು.

"ಎಲ್ಲಿದ್ದೀರಿ ಸಾರ್?" ಎಂದಳು ಗೆಳತಿ.

ಅವರು ಗಂಟಲು ಸರಿಮಾಡಿಕೊಂಡು ಬಸ್ ಟಿಕೆಟ್ ಇದ್ದ ಪುಟ ತೆಗೆದರು. "ಇನ್ನೂ ಸರ್ವೆ ನಡೀತಾ ಇದೆ. ಸರ್ವೇನೂ ತಪ್ಪು" ಎಂದರು. ಪುಟ್ಟೇನಹಳ್ಳಿಯ ಯಜಮಾನರು ಏನೋ ಹೇಳಲು ಬಾಯಿ ತೆರೆದರು, ಹುಡುಗಿ "ಅಂಕಲ್!" ಎಂದು ಕಣ್ಣು ಬಿಟ್ಟಳು, ಅವರು ಬಾಯಿ ಮುಚ್ಚಿಕೊಂಡರು. ನಮ್ಮ ಮನೆಯವರು ಆಸೆಯಿಂದ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

ನಾನು ಹೊಸ ಕಾದಂಬರಿಯ ನಾಲ್ಕನೇ ಪುಟದಲ್ಲಿದ್ದೆ. ಆ ಸೇತುವೆಯ ಮೇಲೆ ಕೊಡೆ ಹಿಡಿದು ಬಂದದ್ದು ಯಾರೆಂದು ನನಗೆ ಗೊತ್ತು. ನನ್ನ ಈ ಬಲಗಣ್ಣಿನಿಂದಲೇ ನೋಡಿದ್ದೇನೆ. ಹೇಳುವಂತಿಲ್ಲ.